ಕೀಲಿಕೈ ಯಾರ ಹತ್ರ? ಬೀಜದ ಚೀಟಿಯಿಂದ ಬಾಟ್ ತನಕ

(1/9)
ಫೋಟೋದಾಗ ಕಾಣೋದು ನಮ್ಮ ಮನಿ ಅಟ್ಟದ ಮ್ಯಾಲೆ ಸಿಕ್ಕ ಸೋಯಾಬೀನ್ ಬೀಜದ ಖಾಲಿ ಚೀಲ. ಬಾಯಿಗೆ ಹೊಲಿದ ನೀಲಿ ಚೀಟಿ ಇನ್ನೂ ಹಂಗೇ ಐತಿ. ರಟ್ಟೀಹಳ್ಳಿ ಸುತ್ತಮುತ್ತ ಬಿತ್ತೋರಿಗೆ ಈ ಬಣ್ಣದ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ತಳಿವರ್ಧಕ ಬೀಜಕ್ಕೆ ಬಂಗಾರದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಚೀಟಿ ಮ್ಯಾಲೆ ತಳಿ, ಲಾಟ್ ನಂಬರು, ಯಾವ ತಾರೀಖಿನ ತನಕ ನಡೀತದ ಅನ್ನೋದು. ಚೀಲದೊಳಗಿನ ಕಾಳು ನೋಡಿ ತಳಿ ಹೇಳೋದು ಅನುಭವಸ್ಥರಿಗೂ ಕಷ್ಟ. ಮೊಳಕೆ ಬಂದು, ಹೂವಾಗಿ, ಕಾಯಿ ಕಟ್ಟೋ ಹೊತ್ತಿಗೆ ಮೋಸ ಗೊತ್ತಾದ್ರೆ ಹಂಗಾಮೇ ಮುಗಿದಿರ್ತದ. ಅದಕ್ಕ ಎಲ್ಲರೂ ಮೊದಲು ನೋಡೋದು ಚೀಟಿ.

ಹೋದ ಸರಣಿಯಲ್ಲಿ 1764ರ ರಟ್ಟೀಹಳ್ಳಿ ಕದನದ ಬಗ್ಗೆ ಬರೆದಿದ್ದೆ, ಪೇಶ್ವೆ ಮಾಧವರಾಯನ ಎದುರು ಹೈದರಾಲಿ ಸೋತದ್ದು. ಈ ಸಲ ಕೋಟೆಯೂ ಇಲ್ಲ, ಶಾಸನವೂ ಇಲ್ಲ. ನಿಮ್ಮ ಕೈಯಾಗಿನ ಫೋನಿನೊಳಗೆ ನಡೆದ, ನಡೀತಿರೋ ಇತಿಹಾಸ. ಆದ್ರೆ ಪ್ರಶ್ನೆ ಈ ಚೀಟಿದೇ: ಚೀಲಕ್ಕೆ ಮುದ್ರೆ ಒತ್ತಿದ್ದು ಯಾರು?

ಯಾವ ಆ್ಯಪ್ ಆಗ್ಲಿ, ವೆಬ್‌ಸೈಟ್ ಆಗ್ಲಿ, ಯಾರೂ ಮೊದಲಿಂದ ಕೊನೆ ತನಕ ತಾವೇ ಬರೆಯಲ್ಲ. ದಿನಾಂಕದ ಲೆಕ್ಕಕ್ಕೆ ಒಂದು, ಅಕ್ಷರ ತೋರಿಸೋಕೆ ಒಂದು, ಹಣ ಕಟ್ಟಿಸಿಕೊಳ್ಳೋಕೆ ಒಂದು, ಹೀಗೆ ಬೇರೆಯವರು ಬರೆದಿಟ್ಟ ನೂರಾರು ತುಣುಕುಗಳನ್ನು ತಂದು ಜೋಡಿಸ್ತಾರೆ. ಒಂದೊಂದು ತುಣುಕು ಒಂದು ಪ್ಯಾಕೇಜು. ಅವನ್ನೆಲ್ಲ ಇಟ್ಟು ಕೇಳಿದವರಿಗೆ ಪುಕ್ಕಟೆ ಕೊಡೋ ಉಗ್ರಾಣ ರಿಜಿಸ್ಟ್ರಿ. ಜಾವಾಸ್ಕ್ರಿಪ್ಟಿಗೆ ಎನ್‌ಪಿಎಂ, ಪೈಥಾನಿಗೆ ಪೈಪಿಐ. ಈ ಉಗ್ರಾಣಕ್ಕೆ ಮಾಲು ಏರಿಸೋ ಕೆಲಸ ಮನುಷ್ಯನ ಕೈಯಿಂದ ಯಂತ್ರದ ಕೈಗೆ ಹೋದ ಕಥೆ ಇದು.

(2/9)
ಮೊದಲು ಕೈಯಿಂದ ಏರಿಸ್ತಿದ್ದ ಕಾಲ.

1995ರ ಅಕ್ಟೋಬರಿನಲ್ಲಿ ಪರ್ಲ್ ಭಾಷೆಯವರು ಸಿಪ್ಯಾನ್ ಅನ್ನೋ ಭಂಡಾರ ತೆರೆದರು. ಅಲ್ಲಿಗೆ ಫೈಲ್ ಕಳಿಸೋ ಬಾಗಿಲನ್ನು ಕಟ್ಟಿದವರು ಆಂಡ್ರಿಯಾಸ್ ಕೋನಿಗ್. ಬರೆದವರು ಹೆಸರು ನೋಂದಾಯಿಸಿ, ಪಾಸ್‌ವರ್ಡ್ ಪಡೆದು, ತಾವೇ ಕೂತು ಏರಿಸಬೇಕು.

ಇದಕ್ಕಿಂತ ಬಿಗಿ ಪದ್ಧತಿ ಡೆಬಿಯನ್ನಿನದು. 1993ರಲ್ಲಿ ಶುರುವಾದ ಈ ಲಿನಕ್ಸ್ ಬಳಗದಲ್ಲಿ ಪ್ಯಾಕೇಜು ಏರಿಸೋರಿಗೆ ತಮ್ಮದೇ ಒಂದು ಗುಟ್ಟಿನ ಕೀಲಿಕೈ ಇರಬೇಕು. ಆ ಕೀಲಿಕೈ ನಿಮ್ಮದೇ ಅಂತ ಇನ್ನೊಬ್ಬ ಸದಸ್ಯ ಸಹಿ ಹಾಕಬೇಕು. ಸಹಿ ಹಾಕೋ ಮುಂಚೆ ಎದುರುಬದುರು ಭೇಟಿ ಆಗಬೇಕು, ಪಾಸ್‌ಪೋರ್ಟೋ ಗುರುತಿನ ಚೀಟಿಯೋ ತೋರಿಸಬೇಕು, ಕೀಲಿಕೈಯ 40 ಅಕ್ಷರಗಳ ಗುರುತನ್ನು ಒಂದೊಂದಾಗಿ ಓದಿ ತಾಳೆ ನೋಡಬೇಕು. ನಮ್ಮ ಕಡೆ ಕನ್ಯಾ ನೋಡೋಕೆ ಹೋದಾಗ ಮನೆತನ ವಿಚಾರಿಸ್ತಾರಲ್ಲ, ಹೆಚ್ಚು ಕಡಿಮೆ ಅಷ್ಟು.

ಕನ್ನಡ ಅಕ್ಷರ ಈ ಬಾಗಿಲಿನಿಂದಲೂ ಒಳಗೆ ಹೋಗಿದೆ. ಅರವಿಂದ ವಿ.ಕೆ. ಅವರು ರೂಪಿಸಿದ ಗುಬ್ಬಿ, ನವಿಲು ಅನ್ನೋ ಎರಡು ಕನ್ನಡ ಫಾಂಟುಗಳು ಡೆಬಿಯನ್ನಿನ ಪ್ಯಾಕೇಜುಗಳಾಗಿವೆ. ಅಲ್ಲಿಂದ ಉಬುಂಟುವಿಗೂ ಹೋದವು. ಹಂಗಾಗಿ ಜಗತ್ತಿನ ಎಷ್ಟೋ ಉಬುಂಟು ಕಂಪ್ಯೂಟರುಗಳ ಅಕ್ಷರಗಳ ಪಟ್ಟಿಯಲ್ಲಿ ಗುಬ್ಬಿ, ನವಿಲು ಕೂತಿರ್ತಾವೆ. ಹೊರದೇಶದವರು ಎಷ್ಟೋ ಜನ ಇವು ಏನು, ಇವನ್ನ ತೆಗೆಯೋದು ಹೆಂಗ ಅಂತ ಕೇಳ್ತಿರ್ತಾರೆ. ನನಗಂತೂ ಆ ಪ್ರಶ್ನೆ ಓದಿದಾಗೆಲ್ಲ ಸಣ್ಣ ಖುಷಿ.

ಡೆಬಿಯನ್ನಿನ ಆ ಒಂದು ಏರಿಕೆ ಹಿಂದೆ ಒಬ್ಬ ಮನುಷ್ಯನ ಸಹಿ ಐತಿ ಅನ್ನೋದನ್ನ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗ್ತದ.

(3/9)
ಪೈಪಿಐ 2003ರಲ್ಲಿ, ಎನ್‌ಪಿಎಂ 2010ರಲ್ಲಿ ಬಂದವು. ಇವಕ್ಕೆ ಪಾಸ್‌ಪೋರ್ಟೂ ಬ್ಯಾಡ, ಭೇಟಿಯೂ ಬ್ಯಾಡ. ಒಂದು ಹೆಸರು, ಒಂದು ಪಾಸ್‌ವರ್ಡು, ಒಂದು ಸಾಲಿನ ಆಜ್ಞೆ. ಎಂಟರ್ ಒತ್ತಿದ ಕ್ಷಣಕ್ಕೆ ಜಗತ್ತಿಗೆಲ್ಲ ಸಿಗ್ತದ. ಈ ಸಲೀಸಿನಿಂದಲೇ ಅವು ಇಷ್ಟು ಬೆಳೆದವು. ಅದನ್ನ ಬೈಯೋದು ಸರಿಯಲ್ಲ. ರಟ್ಟೀಹಳ್ಳಿಯಲ್ಲಿ ಕೂತು ಜಗತ್ತಿನ ಉಗ್ರಾಣಕ್ಕೆ ಮಾಲು ಹಾಕೋಕೆ ನನ್ನಂಥವನಿಗೂ ಆದದ್ದು ಅದರಿಂದಲೇ.

ಆದ್ರೆ ಕಾಳಜಿ ಮಾತ್ರ ಕಮ್ಮಿ ಇತ್ತು. ಪೈಥಾನಿನಲ್ಲಿ ಪಾಸ್‌ವರ್ಡನ್ನು ಮನೆ ಫೋಲ್ಡರಿನ ಒಂದು ಫೈಲಿನಲ್ಲಿ ತೆರೆದ ಅಕ್ಷರದಲ್ಲೇ ಬರೆದಿಡ್ತಿದ್ರು. ಹಳೇ ಏರಿಸೋ ಆಜ್ಞೆ ಎಷ್ಟೋ ವರ್ಷ ಅದನ್ನ ಗೂಢಲಿಪಿಯಿಲ್ಲದ ದಾರಿಯಲ್ಲೇ ಕಳಿಸ್ತಿತ್ತು. ಅಂಚೆ ಕಾರ್ಡಿನ ಮ್ಯಾಲೆ ಬ್ಯಾಂಕಿನ ಗುಟ್ಟು ಬರೆದಂಗ. ಅದಕ್ಕ ಮದ್ದಾಗಿ ಟ್ವೈನ್ ಅನ್ನೋ ಬೇರೆ ಸಲಕರಣೆ ಬಂದದ್ದು 2013ರಲ್ಲಿ.

ನನ್ನದೇ ಕಥೆ ಹೇಳ್ತೀನಿ. ಕನ್ನಡ ಅಂಕಿಗಳನ್ನು ಅಂದ್ರೆ ೧, ೨, ೩ನ್ನು 1, 2, 3 ಮಾಡೋ ಪುಟ್ಟ ಪ್ಯಾಕೇಜೊಂದು ಬರೆದಿದ್ದೆ. ಒಂದು ರಾತ್ರಿ ಊರಲ್ಲಿ ಕೂತು ಏರಿಸಿದೆ. 0.1.0 ಹೋಯ್ತು. ನೋಡಿದ್ರೆ ಮುಖ್ಯ ಫೈಲೇ ಸೇರಿಲ್ಲ. ಒಮ್ಮೆ ಬಳಸಿದ ಆವೃತ್ತಿ ನಂಬರನ್ನು ರಿಜಿಸ್ಟ್ರಿ ಮತ್ತೊಮ್ಮೆ ತಗೊಳ್ಳಲ್ಲ, ಹಂಗಾಗಿ 0.1.1. ಅದ್ರಾಗ ಪರೀಕ್ಷೆಗೆ ಅಂತ ಬರೆದ ಸಾಲು ಹಂಗೇ ಉಳಿದಿತ್ತು. 0.1.2 ಹಾಕೋ ಹೊತ್ತಿಗೆ ಕರೆಂಟ್ ಹೋಯ್ತು.

ನಗು ಬರ್ತದ, ಆದ್ರೆ ಇದ್ರಾಗ ಒಂದು ಗಂಭೀರ ತಪ್ಪು ಅಡಗಿದೆ. ಎಲ್ಲರಿಗೂ ಕಾಣೋ ಹಂಗೆ ಇಟ್ಟ ಮೂಲ ಕೋಡ್ ಒಂದು, ರಿಜಿಸ್ಟ್ರಿಗೆ ಹೋದದ್ದು ಇನ್ನೊಂದು. ನಡುವೆ ಇದ್ದದ್ದು ನನ್ನ ಲ್ಯಾಪ್‌ಟಾಪು. ಅದರೊಳಗೆ ಏನಿತ್ತು ಅನ್ನೋದು ನನಗೇ ಪೂರ್ತಿ ಗೊತ್ತಿರಲಿಲ್ಲ. ಪ್ಯಾಕೇಜು ಇಳಿಸಿಕೊಂಡವರು ನಂಬಿದ್ದು ಅದನ್ನ.

(4/9)
ಬರ್ಲಿನ್ನಿನಲ್ಲಿ 2011ರ ಹೊತ್ತಿಗೆ ಟ್ರಾವಿಸ್ ಸಿಐ ಅನ್ನೋ ಸೇವೆ ಶುರುವಾಯ್ತು. ನೀವು ಕೋಡ್ ಬದಲಿಸಿದಾಗೆಲ್ಲ ಎಲ್ಲೋ ಒಂದು ಖಾಲಿ ಕಂಪ್ಯೂಟರು ಎದ್ದು, ಹೊಸದಾಗಿ ಎಲ್ಲ ಕಟ್ಟಿ, ಪರೀಕ್ಷೆ ಓಡಿಸಿ, ಪಾಸು ಫೇಲು ಹೇಳಿ ಮಾಯ ಆಗ್ತದ. ಬರಬರುತ್ತ ಅದಕ್ಕೆ ಇನ್ನೊಂದು ಕೆಲಸ ಹಚ್ಚಿದರು: ಪರೀಕ್ಷೆ ಪಾಸಾದ್ರೆ, ಆವೃತ್ತಿ ಟ್ಯಾಗ್ ಬಿದ್ದಿದ್ರೆ, ಪ್ಯಾಕೇಜನ್ನ ನೀನೇ ಏರಿಸಿಬಿಡು.

ಲ್ಯಾಪ್‌ಟಾಪಿನ ಕೊಳೆ ಹೋಯ್ತು. ಮರೆತ ಫೈಲು, ರಾತ್ರಿ ಹನ್ನೊಂದರ ನಿದ್ದೆಗಣ್ಣು ಎಲ್ಲ ಹೋದವು. 2015ರಲ್ಲಿ ಸೆಮ್ಯಾಂಟಿಕ್ ರಿಲೀಸ್ ಬಂದ ಮ್ಯಾಲಂತೂ ನಂಬರು ಇಡೋದೂ ಯಂತ್ರದ ಪಾಲಾಯ್ತು. ಬದಲಾವಣೆಯ ಟಿಪ್ಪಣಿಯನ್ನು ಒಂದು ಗೊತ್ತಾದ ರೀತಿಯಲ್ಲಿ ಬರೆದ್ರೆ ಸಾಕು, ದುರಸ್ತಿಯಾದ್ರೆ ಕೊನೇ ಅಂಕಿ, ಹೊಸ ಸೌಲಭ್ಯವಾದ್ರೆ ನಡುವಿನ ಅಂಕಿ, ಹಳೇದು ಮುರಿದ್ರೆ ಮೊದಲ ಅಂಕಿ ತಾನೇ ಏರಿಸಿ ಪ್ರಕಟಿಸ್ತದ. 2019ರ ಕೊನೆಗೆ ಗಿಟ್‌ಹಬ್ ಆಕ್ಷನ್ಸ್ ಎಲ್ಲರಿಗೂ ತೆರೀತು. ಕೋಡ್ ಇಟ್ಟ ಮನೆಯಲ್ಲೇ ಯಂತ್ರವೂ ಬಂದು ಕೂತಿತು.

ಇದರ ದೊಡ್ಡ ಉದಾಹರಣೆಯೊಂದು ಕನ್ನಡದ ಬಾಗಿಲಿಗೂ ಬಂದಿದೆ. ಫಾಂಟ್‌ಸೋರ್ಸ್ ಅಂತ ಒಂದು ಯೋಜನೆ. ಗೂಗಲ್ ಫಾಂಟ್ಸ್‌ನಲ್ಲಿರೋ ಸಾವಿರಕ್ಕೂ ಹೆಚ್ಚು ಅಕ್ಷರಶೈಲಿಗಳನ್ನು ಒಂದೊಂದು ಎನ್‌ಪಿಎಂ ಪ್ಯಾಕೇಜಾಗಿ ಕೊಡ್ತದ. ಅಷ್ಟನ್ನು ಯಾರು ಕೂತು ಕೈಯಿಂದ ಏರಿಸ್ತಾರ? ಫಾಂಟು ಬದಲಾಯ್ತಾ ಅಂತ ನೋಡೋದು, ಫೈಲು ಕಟ್ಟೋದು, ಏರಿಸೋದು ಎಲ್ಲ ಯಂತ್ರದ ಕೆಲಸ. ನಮ್ಮ ಬೆಂಗಳೂರಿನ ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ ಅಕಯ ಕನಡಕ ಹಂಗೇ ಹೋಗಿದೆ. ಅನೇಕ್ ಕನ್ನಡ, ಬಾಲೂ ತಮ್ಮ, ನೋಟೊ ಕನ್ನಡ ಹೋಗಿವೆ. ಎರಿನ್ ಮೆಕ್‌ಲಾಫ್ಲಿನ್ ರೂಪಿಸಿದ ಒಂದು ಫಾಂಟಿನ ಹೆಸರೇ 'ಹುಬ್ಬಳ್ಳಿ'. ಅದೂ ಹೋಗಿದೆ. (ಎರಡನೇ ಫೋಟೋ ನೋಡಿ, ಆ ಹೆಸರಿನ ಪ್ಯಾಕೇಜು ಪುಟ.)

ಗುಬ್ಬಿಯ ಹಿಂದೆ ಒಬ್ಬರ ಸಹಿ ಇತ್ತು ಅಂದೆನಲ್ಲ. 'ಹುಬ್ಬಳ್ಳಿ'ಯನ್ನ ಉಗ್ರಾಣಕ್ಕೆ ಹೊತ್ತದ್ದು ಬಾಟ್.

(5/9)
ಈಗ ಕೀಲಿಕೈ ವಿಷಯ.

ಬಾಟ್ ಏರಿಸಬೇಕಂದ್ರೆ ಅದಕ್ಕೂ ಕೀಲಿಕೈ ಕೊಡಬೇಕಲ್ಲ. ಅದೇ ಟೋಕನ್. ಒಂದು ಉದ್ದನೆ ಅಕ್ಷರಮಾಲೆ. ಅದನ್ನ ರಿಜಿಸ್ಟ್ರಿಯಲ್ಲಿ ತಯಾರಿಸಿ, ಒಯ್ದು ಯಂತ್ರದ ಗುಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ಮರೆತುಬಿಡೋದು. ಎಲ್ಲರೂ ಮಾಡಿದ್ದು ಹಿಂಗೇ. ನಾನೂ. ಆ ಟೋಕನ್ನಿಗೆ ಮುಕ್ತಾಯದ ತಾರೀಖು ಇರಲಿಲ್ಲ. ಯಾರ ಕೈಗೆ ಸಿಕ್ಕರೂ ಅದು ನಿಮ್ಮ ಹೆಸರಿನಲ್ಲೇ ಮಾತಾಡ್ತದ.

2018ರ ಜುಲೈ 12. ಇಎಸ್‌ಲಿಂಟ್ ಅನ್ನೋ ಬಹಳ ಬಳಕೆಯ ಸಲಕರಣೆಯ ಒಬ್ಬ ನಿರ್ವಾಹಕರು ಬೇರೆ ಕಡೆ ಬಳಸಿದ ಪಾಸ್‌ವರ್ಡನ್ನೇ ಎನ್‌ಪಿಎಂಗೂ ಇಟ್ಟಿದ್ದರು. ಕಳ್ಳನಿಗೆ ಅದು ಸಿಕ್ಕಿತು. ಇಎಸ್‌ಲಿಂಟ್ ಸ್ಕೋಪ್ 3.7.2 ಅಂತ ಒಂದು ಆವೃತ್ತಿ ಏರಿಸಿದ. ಅದನ್ನು ಇಳಿಸಿಕೊಂಡವರ ಕಂಪ್ಯೂಟರಿನಲ್ಲಿ ಅದು ಹುಡುಕಿದ್ದು ಹಣವನ್ನಲ್ಲ, ಎನ್‌ಪಿಎಂ ಟೋಕನ್ನನ್ನು. ಕೀಲಿಕೈ ಕದ್ದವ ಇನ್ನಷ್ಟು ಕೀಲಿಕೈ ಕದಿಯೋಕೆ ಹೊರಟ. ಎನ್‌ಪಿಎಂನವರು ಆ ಹೊತ್ತಿಗಿಂತ ಮುಂಚೆ ಹುಟ್ಟಿದ ಎಲ್ಲ ಟೋಕನ್ನುಗಳನ್ನೂ ಒಮ್ಮೆಲೇ ರದ್ದು ಮಾಡಿದರು.

ಆಗ ಎಲ್ಲರೂ ಹೇಳಿದ್ದು ಓಟಿಪಿ ಹಚ್ಚಿರಿ ಅಂತ. ಸರಿ. ಆದ್ರೆ ಬಾಟ್ ಹತ್ರ ಫೋನ್ ಎಲ್ಲೈತಿ? ಓಟಿಪಿ ಕೇಳಿದ್ರೆ ಅದು ಯಾರನ್ನ ಎಬ್ಬಿಸಬೇಕು? 2020ರ ಅಕ್ಟೋಬರಿನಲ್ಲಿ ಎನ್‌ಪಿಎಂ ಒಂದು ರಾಜಿಗೆ ಬಂತು: ಯಂತ್ರಕ್ಕಂತಲೇ ಬೇರೆ ಟೋಕನ್, ಓಟಿಪಿ ಕೇಳದ್ದು. ಅಂದ್ರೆ ಮುಂದಿನ ಬಾಗಿಲಿಗೆ ಎರಡು ಕೀಲಿ ಜಡಿದು, ಹಿತ್ತಲ ಬಾಗಿಲಿನ ಕೀಲಿಕೈ ಆಳಿನ ಕೈಗೆ ಕೊಟ್ಟಂಗಾಯ್ತು. ಅವತ್ತಿಗೆ ಬೇರೆ ದಾರಿ ಇರಲಿಲ್ಲ ಅನ್ನೋದನ್ನೂ ಒಪ್ಪಬೇಕು.

ಮರುವರ್ಷ ಸೆಪ್ಟೆಂಬರಿನಲ್ಲಿ ಟ್ರಾವಿಸ್‌ನದೇ ಪೆಟ್ಟಿಗೆ ಸೋರಿತು. ಯೋಜನೆಗೆ ಸಂಬಂಧವೇ ಇಲ್ಲದ ಹೊರಗಿನವರು ಬದಲಾವಣೆ ಕಳಿಸಿದಾಗ ಓಡೋ ಯಂತ್ರಕ್ಕೂ ಗುಟ್ಟುಗಳು ಕಾಣೋ ದೋಷ ಸುಮಾರು ಒಂದು ವಾರ ಇತ್ತು.

(6/9)
ಇಲ್ಲಿ ಮತ್ತ ಬೀಜಕ್ಕೆ ಬರ್ತೀನಿ. ತಾರೀಖು ನೋಡಿ ನನಗೇ ಆಶ್ಚರ್ಯ ಆಗಿತ್ತು.

2023ರ ಏಪ್ರಿಲ್ 19. ದಿಲ್ಲಿಯಲ್ಲಿ ಅಂದಿನ ಕೃಷಿ ಸಚಿವ ನರೇಂದ್ರ ಸಿಂಗ್ ತೋಮರ್ 'ಸಾಥಿ' ಅನ್ನೋ ಪೋರ್ಟಲ್ ಉದ್ಘಾಟಿಸಿದರು. ಬೀಜದ ಚೀಲಕ್ಕೆ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದ್ರೆ ಈ ಬೀಜ ಎಲ್ಲಿಂದ ಬಂತು ಅನ್ನೋ ಜಾಡು ಸಿಗಬೇಕು ಅನ್ನೋದು ಉದ್ದೇಶ. ನಕಲಿ ಬೀಜದ ಹಾವಳಿ ತಡಿಯೋಕೆ.

ಅದೇ ಏಪ್ರಿಲ್ 19ರಂದು ಎನ್‌ಪಿಎಂ ಪ್ಯಾಕೇಜುಗಳಿಗೂ ಇಂಥದ್ದೇ ಜಾಡಿನ ಚೀಟಿ ಪ್ರಕಟವಾಯ್ತು. ಈ ಪ್ಯಾಕೇಜು ಯಾವ ಕೋಡಿನ ಯಾವ ಬದಲಾವಣೆಯಿಂದ, ಯಾವ ಯಂತ್ರದಲ್ಲಿ ಕಟ್ಟಲ್ಪಟ್ಟಿತು ಅನ್ನೋದಕ್ಕೆ ಸಹಿ ಹಾಕಿದ ದಾಖಲೆ. ಮರುದಿನ, ಏಪ್ರಿಲ್ 20ಕ್ಕೆ, ಪೈಪಿಐ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಟೋಕನ್ನೇ ಬ್ಯಾಡ ಅಂದಿತು. ಒಬ್ಬರ ಮಾತು ಒಬ್ಬರು ಕೇಳಿ ಮಾಡಿದ್ದಲ್ಲ. ಆದ್ರೆ ರೋಗ ಒಂದೇ ಇದ್ರೆ ಮದ್ದೂ ಒಂದೇ ಥರ ಹುಟ್ಟತಾವು.

ಟೋಕನ್ ಇಲ್ಲದೆ ಹೆಂಗ? ಹೀಗೆ. ನೀವು ಪೈಪಿಐಗೆ ಮೊದಲೇ ಹೇಳಿಡ್ತೀರಿ: ನನ್ನ ಪ್ಯಾಕೇಜು ಇಂಥ ಹೆಸರಿನ ಕೋಡ್ ಮನೆಯಿಂದ, ಇಂಥ ಕೆಲಸದ ಫೈಲಿನಿಂದ ಬಂದ್ರೆ ಮಾತ್ರ ತಗೋ. ಏರಿಸೋ ಹೊತ್ತಿಗೆ ಯಂತ್ರ ಗಿಟ್‌ಹಬ್ಬಿನಿಂದ ಒಂದು ಗುರುತಿನ ಚೀಟಿ ಬರೆಸಿಕೊಂಡು ಬರ್ತದ. ಪೈಪಿಐ ಆ ಸಹಿ ತಾಳೆ ನೋಡಿ 15 ನಿಮಿಷ ಮಾತ್ರ ನಡೆಯೋ ಟೋಕನ್ ಕೊಡ್ತದ. ಕೆಲಸ ಮುಗೀತು, ಟೋಕನ್ ಸತ್ತಿತು. ಪೆಟ್ಟಿಗೆಯಲ್ಲಿ ಇಡೋ ಕೀಲಿಕೈಯೇ ಇಲ್ಲ ಅಂದ ಮ್ಯಾಲೆ ಕದಿಯೋದು ಏನನ್ನ?

ರೂಬಿಯವರು ಅದೇ ವರ್ಷದ ಡಿಸೆಂಬರಿನಲ್ಲಿ ಇದನ್ನ ತಂದರು. ರಸ್ಟ್ ಮತ್ತು ಎನ್‌ಪಿಎಂ 2025ರ ಜುಲೈ ತನಕ ತಗೊಂಡವು. ಎನ್‌ಪಿಎಂ ಇಷ್ಟು ತಡ ಮಾಡಬಾರದಿತ್ತು ಅಂತ ನನ್ನ ಅಭಿಪ್ರಾಯ. ಯಾಕಂತ ಎಂಟನೇ ಭಾಗದಲ್ಲಿ ಗೊತ್ತಾಗ್ತದ.

(7/9)
ಹಂಗಾದ್ರೆ ಕಥೆ ಮುಗೀತಾ? ಇಲ್ಲ.

2024ರ ಡಿಸೆಂಬರಿನಲ್ಲಿ ಅಲ್ಟ್ರಾಲಿಟಿಕ್ಸ್ ಅನ್ನೋ, ಚಿತ್ರದೊಳಗಿನ ವಸ್ತು ಗುರುತಿಸೋ ಪೈಥಾನ್ ಪ್ಯಾಕೇಜಿನ 8.3.41, 8.3.42 ಆವೃತ್ತಿಗಳಲ್ಲಿ ಇನ್ನೊಬ್ಬರ ಕಂಪ್ಯೂಟರಿನಿಂದ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡಿಸೋ ಕೋಡ್ ಸಿಕ್ಕಿತು. ಆ ಯೋಜನೆ ಹೊಸ ಪದ್ಧತಿಯನ್ನೇ ಬಳಸ್ತಿತ್ತು. ಟೋಕನ್ ಕದ್ದು ಮಾಡಿದ್ದಲ್ಲ. ದಾಳಿಕೋರ ಒಂದು ಬದಲಾವಣೆಯ ಕೋರಿಕೆ ಕಳಿಸಿ, ಕವಲಿನ ಹೆಸರಿನೊಳಗೇ ಆಜ್ಞೆ ಬಚ್ಚಿಟ್ಟು, ಯಂತ್ರ ಆ ಹೆಸರನ್ನ ಓದೋವಾಗ ಅದನ್ನ ಓಡಿಸೋ ಹಂಗ ಮಾಡಿದ್ದ. ಅಲ್ಲಿಂದ ಯಂತ್ರ ಮುಂದಿನ ಸಲಕ್ಕೆ ಉಳಿಸಿಕೊಳ್ಳೋ ಫೈಲುಗಳಿಗೆ ವಿಷ ಬೆರೆಸಿದ. ನಿಜವಾದ ಯಂತ್ರ, ನಿಜವಾದ ಜಾಗ, ನಿಜವಾದ ಸಹಿ. ಒಳಗಿನ ಮಾಲು ಮಾತ್ರ ಕೆಟ್ಟದ್ದು.

ಬೀಜದ ಚೀಟಿಗೂ ಈ ಚೀಟಿಗೂ ಇರೋ ಅಂತರ ಇಲ್ಲೇ ಕಾಣೋದು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಹೊಲಿಯೋ ಮುಂಚೆ ಅಧಿಕಾರಿಗಳು ಬೆಳೆ ನಿಂತಾಗ ಹೊಲಕ್ಕೆ ಬಂದು ನೋಡ್ತಾರೆ, ಮಾದರಿ ತಗೊಂಡು ಪ್ರಯೋಗಾಲಯದಲ್ಲಿ ಮೊಳಕೆ ಪರೀಕ್ಷೆ ಆಗ್ತದ. ಪ್ಯಾಕೇಜಿನ ಚೀಟಿ ಯಾವ ಹೊಲದಿಂದ ಬಂತು ಅಂತ ಹೇಳ್ತದ, ಹೊಲದಾಗ ಕಳೆ ಇತ್ತಾ ಅಂತ ಹೇಳಲ್ಲ.

ಆದ್ರೂ ಆ ಚೀಟಿ ಉಪಯೋಗಕ್ಕೆ ಬಂತು. ಕೆಟ್ಟ ಆವೃತ್ತಿ ಯಾವ ಬದಲಾವಣೆಯಿಂದ, ಯಾವ ಓಟದಲ್ಲಿ ಹುಟ್ಟಿತು ಅನ್ನೋ ಜಾಡು ಹಿಡಿಯೋಕೆ ಪೈಪಿಐನವರಿಗೆ ಅದೇ ಆಧಾರ ಆಯ್ತು.

ಇನ್ನೊಂದು ಸಣ್ಣ ಸಂಗತಿ, ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುಳು ಇದೇ. ಎರಡು ದಿನದ ಮ್ಯಾಲೆ ಮತ್ತೆ 8.3.45, 8.3.46 ಅಂತ ಇನ್ನೆರಡು ಕೆಟ್ಟ ಆವೃತ್ತಿ ಬಂದವು. ಅವು ಬಂದದ್ದು ಹೊಸ ಪದ್ಧತಿಯ ದಾರಿಯಿಂದ ಅಲ್ಲ. ಹೊಸದು ಬಂದ ಮ್ಯಾಲೂ ರದ್ದು ಮಾಡದೆ ಹಂಗೇ ಬಿಟ್ಟಿದ್ದ ಹಳೇ ಟೋಕನ್ನಿನಿಂದ.

(8/9)
2025ರ ಸೆಪ್ಟೆಂಬರ್ ಎನ್‌ಪಿಎಂ ಪಾಲಿಗೆ ಕೆಟ್ಟ ತಿಂಗಳು. 8ನೇ ತಾರೀಖಿಗೆ ಒಬ್ಬ ಅನುಭವಿ ನಿರ್ವಾಹಕರು ನಕಲಿ ಇಮೇಲಿಗೆ ಮೋಸಹೋಗಿ, ವಾರಕ್ಕೆ 200 ಕೋಟಿಗೂ ಹೆಚ್ಚು ಸಲ ಇಳಿಯೋ 18 ಪ್ಯಾಕೇಜುಗಳು ಕಳ್ಳರ ಕೈಗೆ ಹೋದವು. ಮನುಷ್ಯನ ಕೈಯೇ ವಾಸಿ ಅನ್ನೋರಿಗೆ ಇದನ್ನ ತೋರಿಸ್ತೀನಿ.

ಮುಂದಿನ ವಾರ ಬಂದದ್ದು ಅದಕ್ಕಿಂತ ಬೇರೆ ಜಾತಿದು. 'ಶಾಯ್ ಹುಲೂದ್' ಅಂತ ಅದರ ಹೆಸರು, ಡ್ಯೂನ್ ಕಾದಂಬರಿಯ ಮರಳು ಹುಳುವಿನದು. ಸೋಂಕಿದ ಪ್ಯಾಕೇಜನ್ನ ನೀವು ಇಳಿಸಿಕೊಂಡ ಕೂಡಲೇ ಅದು ನಿಮ್ಮ ಕಂಪ್ಯೂಟರಿನಲ್ಲಿ ಟೋಕನ್ನುಗಳನ್ನ ಹುಡುಕ್ತದ. ಎನ್‌ಪಿಎಂ ಟೋಕನ್ ಸಿಕ್ಕರೆ ನಿಮ್ಮ ಹೆಸರಿನಲ್ಲಿರೋ ಬೇರೆ ಪ್ಯಾಕೇಜುಗಳಿಗೂ ತನ್ನನ್ನ ಸೇರಿಸಿ, ಹೊಸ ಆವೃತ್ತಿ ನಂಬರು ಇಟ್ಟು, ತಾನೇ ಪ್ರಕಟಿಸ್ತದ. ಅವನ್ನ ಇಳಿಸಿಕೊಂಡವರ ಮನೆಯಲ್ಲಿ ಮತ್ತದೇ. ಹತ್ತಿ ಹೊಲಕ್ಕೆ ಹುಳ ಬಿದ್ದಂಗ. 500ಕ್ಕೂ ಹೆಚ್ಚು ಪ್ಯಾಕೇಜುಗಳಿಗೆ ಹಬ್ಬಿತು. ನವೆಂಬರಿನಲ್ಲಿ ಎರಡನೇ ಸುತ್ತೂ ಬಂತು.

ಗಮನಿಸಿ, ಆ ಹುಳು ಹೊಸದಾಗಿ ಏನನ್ನೂ ಕಂಡುಹಿಡಿದಿರಲಿಲ್ಲ. ಪ್ರಕಟಣೆಯನ್ನ ಸ್ವಯಂಚಾಲಿತ ಮಾಡೋದನ್ನ ನಾವು ಹದಿನಾಲ್ಕು ವರ್ಷ ಕಲಿತು ಕಲಿಸಿದ್ದೆವು. ಅದೂ ಅದನ್ನೇ ಮಾಡಿತು. ಮುಕ್ತಾಯದ ತಾರೀಖಿಲ್ಲದ ಕೀಲಿಕೈಗಳು ಎಲ್ಲ ಕಡೆ ಬಿದ್ದಿದ್ದವು, ಎತ್ತಿಕೊಂಡಿತು.

ಆಮೇಲೆ ಎನ್‌ಪಿಎಂ ಹಳೇ ಮಾದರಿಯ ಟೋಕನ್ನುಗಳನ್ನ ಡಿಸೆಂಬರಿನಲ್ಲಿ ಪೂರ್ತಿ ನಿಲ್ಲಿಸಿತು. ಪ್ರಕಟಿಸೋ ಹಕ್ಕಿನ ಹೊಸ ಟೋಕನ್ನಿಗೆ ಈಗ ಹೆಚ್ಚಂದ್ರೆ 90 ದಿನ ಆಯುಷ್ಯ.

(9/9)
ಏರಿಸೋ ಕೆಲಸವೇ ಇಲ್ಲದ ದಾರಿಯೂ ಒಂದೈತಿ, ಅದಕ್ಕೂ ಕನ್ನಡದ ನಂಟು ಐತಿ.

ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಒಬ್ಬರೇ ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್', ಒಂದೂವರೆ ಲಕ್ಷ ಪದಗಳದ್ದು, 2019ರಲ್ಲಿ ಕೈಲಾಶ್ ನಾಧ್ ಅವರ ಮೂಲಕ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು. ಅದರಲ್ಲಿ ಪದ ಹುಡುಕುವಾಗ ಕಾಗುಣಿತ ಸ್ವಲ್ಪ ತಪ್ಪಿದ್ರೂ ಉಚ್ಚಾರಣೆ ಹಿಡಿದು ಪದ ಹುಡುಕಿಕೊಡಲು ನಾಧ್ ಬರೆದ 'ಕೆಎನ್‌ಫೋನ್' ಅನ್ನೋ ಪುಟ್ಟ ಸಲಕರಣೆ ಗೋ ಭಾಷೆಯದು.

ಗೋ ಭಾಷೆಯಲ್ಲಿ ಪ್ರಕಟಿಸೋ ಆಜ್ಞೆಯೇ ಇಲ್ಲ. ಕೋಡಿಗೆ ಒಂದು ಆವೃತ್ತಿಯ ಟ್ಯಾಗ್ ಕಟ್ಟಿ ಬಿಟ್ಟರಾಯ್ತು. ಮೊದಲ ಸಲ ಯಾರೋ ಒಬ್ಬರು ಕೇಳಿದಾಗ ಗೋ ಬಳಗದ ಉಗ್ರಾಣ ತಾನೇ ಹೋಗಿ ಒಯ್ದು ಇಟ್ಟುಕೊಳ್ತದ. ಜೊತೆಗೆ ಅದರ ಬೆರಳಚ್ಚನ್ನ ಅಳಿಸೋಕೆ ಬಾರದ ಒಂದು ಖಾತೆ ಪುಸ್ತಕದಲ್ಲಿ ಬರಕೊಳ್ತದ. ನಾಳೆ ಅದೇ ನಂಬರಿನಲ್ಲಿ ಬೇರೆ ಮಾಲು ಕೊಡೋಕೆ ಹೋದ್ರೆ ತಾಳೆ ಆಗಲ್ಲ. 2019ರ ಆಗಸ್ಟಿನಿಂದ ನಡೀತಿರೋ ವ್ಯವಸ್ಥೆ. ರಿಜಿಸ್ಟ್ರಿಯ ಟೋಕನ್ ಅನ್ನೋದು ಅಲ್ಲಿ ಹುಟ್ಟೇ ಇಲ್ಲ. ಆದ್ರೆ ಕೋಡ್ ಇಟ್ಟ ಮನೆಯ ಖಾತೆಯೇ ಅಲ್ಲಿ ಕೀಲಿಕೈ. ಅದು ಹೋದ್ರೆ ಎಲ್ಲ ಹೋದಂಗ.

ಕನ್ನಡದ ಇಂಥ ತುಣುಕುಗಳ ಹಿಂದೆ ಬಹಳ ಸಲ ಇರೋದು ಒಬ್ಬರೇ, ಇಲ್ಲಾ ಇಬ್ಬರು. ಸಂಬಳ ಇಲ್ಲ, ಕಾವಲಿಗೆ ಮಂದಿ ಇಲ್ಲ. ಒಮ್ಮೆ ಬಾಟ್ ಹಚ್ಚಿಟ್ಟು ನೌಕರಿ, ಮದುವಿ, ಮಕ್ಕಳು ಅಂತ ಹೋಗಿರ್ತಾರೆ. ಬಾಟ್ ಮಾತ್ರ ಕೀಲಿಕೈ ಹಿಡಕೊಂಡು ಅಲ್ಲೇ ಕಾಯ್ತಿರ್ತದ.

ಈ ಸರಣಿ ಬರೆಯೋಕೆ ಕೂತಾಗ ನನ್ನ ಅಂಕಿ ಪ್ಯಾಕೇಜಿನ ಖಾತೆ ತೆಗೆದು ನೋಡಿದೆ. ಆರು ವರ್ಷದ ಹಳೇ ಟೋಕನ್ ಒಂದು, ಯಾವ ಯಂತ್ರಕ್ಕೆ ಕೊಟ್ಟಿದ್ದೆ ಅನ್ನೋದೇ ನೆನಪಿಲ್ಲ, ಇನ್ನೂ ಜೀವಂತ. ಅಳಿಸಿದೆ. ನಿಮ್ಮದೂ ಒಂದು ಹಳೇ ಪ್ಯಾಕೇಜು ಎಲ್ಲಾದ್ರೂ ಇದ್ರೆ ಇವತ್ತೇ ಟೋಕನ್ ಪಟ್ಟಿ ತೆಗೆದು ನೋಡ್ರಿ. ಎಷ್ಟು ಹಳೇದು ಸಿಕ್ಕಿತು ಅಂತ ಕಾಮೆಂಟಿನಾಗ ಹಾಕ್ರಿ. ಟೋಕನ್ ಮಾತ್ರ ಹಾಕಬ್ಯಾಡ್ರಿ ಮತ್ತ!

ಮುಂದಿನ ಸರಣಿ: ನಮ್ಮೂರ ಕದಂಬೇಶ್ವರ ಗುಡಿ.

#ರಟ್ಟೀಹಳ್ಳಿ #ಹಾವೇರಿ #ಕನ್ನಡ_ಇತಿಹಾಸ #ಕನ್ನಡ_ತಂತ್ರಜ್ಞಾನ #ಮುಕ್ತ_ತಂತ್ರಾಂಶ #ಅಲರ್